ನಾನು ಸೇರಿಸಿದ, ನೀನು ಅಳಿಸಿದ ಸಾಲು

ಆ ಸಾಲನ್ನು ಏಕೆ ಹಾಕಿದ್ದೆನೆಂದು ನನಗೆ ಚೆನ್ನಾಗಿ ನೆನಪಿತ್ತು, ಅಶ್ರಫ್. ನೆನಪಿಲ್ಲ ಎಂದದ್ದು ಸುಳ್ಳು.

ಪುತ್ತೂರಿನ ಬಾಡಿಗೆ ಕಚೇರಿಯಲ್ಲಿ ನಾವಿಬ್ಬರೂ ಹೈಪರ್‌ವೈಸರ್‌ನ ಕರ್ನಲ್ ಕೋಡ್ ಬರೆಯುತ್ತಿದ್ದೆವು — ಒಂದೇ ಸರ್ವರ್‌ನೊಳಗೆ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಕೋಡ್. ಆ ಯಂತ್ರಗಳ ಪಟ್ಟಿಗೆ ಒಂದೇ ದೊಡ್ಡ ಲಾಕ್ ಇತ್ತು. ಒಂದು ಕೆಲಸ ಅದನ್ನು ಹಿಡಿದರೆ ಉಳಿದವೆಲ್ಲ ಕಾಯಬೇಕು. ವೇಗ ಹೆಚ್ಚಲೆಂದು ನಾನು ಅದನ್ನು ಸಣ್ಣ ಸಣ್ಣ ಲಾಕ್‌ಗಳಾಗಿ ಒಡೆದೆ. ಒಡೆಯುವಾಗ ಒಂದು ಕಡೆ — ಯಂತ್ರ ಇದೆಯೇ ಎಂದು ನೋಡುವುದಕ್ಕೂ ಅದನ್ನು ಬಳಸುವುದಕ್ಕೂ ನಡುವೆ — ಲಾಕ್ ಬಿಟ್ಟುಹೋಯಿತು. ಆ ಕ್ಷಣದಲ್ಲಿ ಇನ್ನೊಂದು ಪ್ರೊಸೆಸರ್ ಆ ಯಂತ್ರವನ್ನೇ ಅಳಿಸಿಬಿಡಬಹುದು.

ಇಂಥ ತಪ್ಪಿಗೆ ನಿನ್ನದೇ ಒಂದು ಮಾತಿತ್ತು: "ಬಚ್ಚಲು ಖಾಲಿ ಉಂಟು ಅಂತ ನೋಡಿ ಟವೆಲ್ ತರ್ಲಿಕ್ಕೆ ಹೋಗುದು. ಬರುವಾಗ ಒಳಗೆ ಅಜ್ಜ ಇರ್ತಾರೆ ಮಾರಾಯ!"

ಪರೀಕ್ಷೆಯಲ್ಲಿ ಸರ್ವರ್ ಕುಸಿಯಿತು. ಕಾರಣ ಹುಡುಕಲು, ಲಾಗ್ ಎಂಬ ದಾಖಲೆ ಕಡತಕ್ಕೆ ಸಂದೇಶ ಬರೆಯುವ ಒಂದು ಸಾಲು ಸೇರಿಸಿದೆ. ಕುಸಿತ ನಿಂತಿತು. ತಪ್ಪು ಸರಿಯಾದದ್ದರಿಂದಲ್ಲ — ಆ ಸಾಲಿನಿಂದ ಕೋಡ್‌ನ ಓಟ ತುಸು ನಿಧಾನವಾಗಿ, ಎರಡು ಕೆಲಸಗಳು ಢಿಕ್ಕಿಯಾಗುವುದು ತಪ್ಪಿತ್ತು, ಅಷ್ಟೆ. ಇದು ನನಗೆ ಆಗಲೇ ಗೊತ್ತಿತ್ತು. ಗಡುವು ಹತ್ತಿರವಿತ್ತು. ಸಾಲನ್ನು ಹಾಗೇ ಬಿಟ್ಟು, 'ಪರೀಕ್ಷಿಸಲಾಗಿದೆ' ಎಂದು ಬರೆದು ಕಳುಹಿಸಿದೆ.

ಕೆಲವು ತಿಂಗಳ ನಂತರ, ಉಪಯೋಗವಿಲ್ಲದ ಸಾಲೆಂದು ನೀನು ಅದನ್ನು ಅಳಿಸಿದೆ. ಗ್ರಾಹಕರ ಸರ್ವರ್‌ಗಳು ಕುಸಿದವು. ನಿನ್ನ ಬದಲಾವಣೆಯನ್ನು ಹಿಂತೆಗೆದಾಗ ಕುಸಿತ ನಿಂತಿತು — ಅದೇ ನಿನ್ನ ವಿರುದ್ಧ ಸಾಕ್ಷಿಯಾಯಿತು. ಸಭೆಯಲ್ಲಿ ಎಲ್ಲರ ಎದುರು ನೀನು ನನ್ನತ್ತ ತಿರುಗಿದೆ.

"ಆ ಸಾಲು ಎಂತಕ್ಕೆ ಹಾಕಿದ್ದು ಮಾರಾಯ?"

"ನೆನಪಿಲ್ಲ."

ನಿನ್ನನ್ನು ಕರ್ನಲ್ ಕೆಲಸದಿಂದ ತೆಗೆದರು. ನೀನು ರಾಜೀನಾಮೆ ಕೊಟ್ಟು ಕಬಕದಲ್ಲಿ ಅಣ್ಣನ ಟೈಲ್ಸ್ ಅಂಗಡಿ ಸೇರಿದೆ. ಹೊರಡುವ ದಿನ ನೀನು ನನಗೆ ಚಹಾ ಕೊಡಿಸಿ, "ನಿನ್ನ ಕೋಡಿಗೆ ಕೈ ಹಾಕಿದ್ದಕ್ಕೆ ಬೇಜಾರು ಮಾಡ್ಬೇಡ" ಎಂದೆ. ನಾನು — ಬೇಜಾರಿಲ್ಲ ಎಂದೆ.

ಇಂದು, ನೋಡುವುದನ್ನೂ ಬಳಸುವುದನ್ನೂ ಒಂದೇ ಲಾಕ್‌ನೊಳಗೆ ತಂದು, ಆ ಸಾಲನ್ನು ನಾನೇ ಅಳಿಸಿದೆ. ತಪ್ಪು ನನ್ನ ಬದಲಾವಣೆಯದು, ಅಶ್ರಫ್ ಮಾಡಿದ್ದು ಸರಿಯಿತ್ತು, ಇದು ನನಗೆ ಮೊದಲೇ ತಿಳಿದಿತ್ತು ಎಂದು ಬರೆದು ತಂಡಕ್ಕೆಲ್ಲ ಕಳುಹಿಸಿದ್ದೇನೆ. ಅದರಿಂದ ನಿನ್ನ ಕೆಲಸ ಮರಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟು: ಹಾಕಿದ್ದು ನನ್ನ ತಪ್ಪನ್ನು ಹುಡುಕಲು, ಉಳಿಸಿದ್ದು ಅದು ಯಾರಿಗೂ ಕಾಣದಿರಲಿ ಎಂದು.