ಹೆಸರಿನ ಮೇಲೆ ಕಟ್ಟಿದ ಇಳಕಲ್ ಸೀರೆಯ ತುಂಡು

ಎಂಥ ಗಿಟಾರ್ ತಂದುಕೊಟ್ಟರೂ ಗುರಪ್ಪಣ್ಣ ಮೊದಲು ಅದರ ತಲೆಯ ಮೇಲೆ ಬರೆದ ಕಂಪನಿಯ ಹೆಸರಿನ ಮೇಲೆ ಬಟ್ಟೆ ಕಟ್ಟುತ್ತಿದ್ದರು. ಆಮೇಲೆ ವೈರು ಹಚ್ಚದೆ ತಂತಿ ಮೀಟಿ, ಮರಕ್ಕೆ ಕಿವಿ ಇಡುತ್ತಿದ್ದರು. "ಕರೆಂಟ್ ಹಚ್ಚಿದ್ರ ಎಲ್ಲಾ ಹಾಡತಾವ. ಬರೇ ಕಟಗಿ ಏನಂತದ, ಅದನ್ನ ಕೇಳಬೇಕು."

ಮಕ್ಕಳೇ, ಅವರು ವಿಜಯಪುರದ ಕಡೆಯವರು. ಘಾಟ್ಕೋಪರ್‌ನ ಗಿಟಾರ್ ಕಾರ್ಖಾನೆಯಲ್ಲಿ ನಿಮ್ಮ ಅಜ್ಜನ ಜೊತೆ ಒಂದೇ ಬೆಂಚಿನಲ್ಲಿ ಕೂತವರು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸುವ ಲೋಹದ ಪಟ್ಟಿಗಳ ತುದಿ ಉಜ್ಜುವುದು ಇಬ್ಬರ ಕೆಲಸ. ಉಜ್ಜಿದ ಮೇಲೆ ನನ್ನ ಹಳೆಯ ಇಳಕಲ್ ಸೀರೆಯ ತುಂಡನ್ನು ಅಂಚಿನುದ್ದಕ್ಕೂ ಎಳೆಯುತ್ತಿದ್ದರು. ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ಅರ ಹಿಡಿಯಬೇಕು. ಅಜ್ಜನನ್ನು ಅಣ್ಣ, ನನ್ನನ್ನು ವೈನಿ ಎಂದು ಕರೆಯುತ್ತಿದ್ದ ಗುರಪ್ಪಣ್ಣ ನಮ್ಮ ಚಾಳಿನ ಮನೆಗೆ ಚಹಾಕ್ಕೆ ಬಂದಾಗ, "ವೈನಿ, ನಿಮ್ಮ ಸೀರಿ ಪಾಸ್ ಮಾಡಿದ್ರನ ನಮ್ಮ ಮಾಲು ಹೊರಗ" ಎನ್ನುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ನಗುತ್ತಿದ್ದೆ.

ಕಾರ್ಖಾನೆ ಮುಚ್ಚಿತು. ಅಜ್ಜ ಹೋದರು. ಗುರಪ್ಪಣ್ಣ ಸ್ಟೇಷನ್ ಹತ್ತಿರ ರಿಪೇರಿ ಅಂಗಡಿ ಇಟ್ಟರು. ಎಷ್ಟೋ ವರ್ಷಗಳ ಮೇಲೆ ಗೋರೆಗಾಂವ್‌ನ ಒಂದು ಅಂಗಡಿಯಲ್ಲಿ, ಹೊಸ ಎಲೆಕ್ಟ್ರಿಕ್ ಗಿಟಾರಿನ ಮೇಲೆ ನಮ್ಮ ಕಾರ್ಖಾನೆಯ ಹೆಸರು ಕಂಡೆ. ಅದೇ ಓರೆ ಅಕ್ಷರ. ಯಾರೋ ಆ ಹೆಸರನ್ನು ಕೊಂಡು ಮತ್ತೆ ಶುರು ಮಾಡಿದ್ದರಂತೆ. ಏನೂ ವಿಚಾರಿಸದೆ, ನಿಮಗೆಂದು ತಂದೆ. ನಿಜ ಹೇಳಬೇಕೆಂದರೆ ನನಗೆಂದೇ ತಂದೆ. ಅದರಲ್ಲಿ ಎಲ್ಲಾದರೂ ಅಜ್ಜನ ಕೈಯ ಕೆಲಸದ ರೀತಿ ಉಳಿದಿರಬಹುದು ಅನ್ನಿಸಿತ್ತು.

ಗುರಪ್ಪಣ್ಣನ ಅಂಗಡಿಗೆ ಒಯ್ದೆ. ಅವರು ಎಂದಿನಂತೆ ಹೆಸರು ಮುಚ್ಚಿ, ಬಹಳ ಹೊತ್ತು ಕಿವಿ ಇಟ್ಟರು. "ಕಟಗಿ ಚೊಲೋ ಅದ." ಆಮೇಲೆ ಆ ಬಟ್ಟೆಯನ್ನೇ ಬಿಚ್ಚಿ ಅಂಚಿನ ಮೇಲೆ ಎಳೆದರು. ಮೂರು ಕಡೆ ಎಳೆ ಸಿಕ್ಕಿಕೊಂಡಿತು. ಆಗಲೇ ನಾನು ಅದರ ದಡಿ ನೋಡಿದ್ದು. ನನ್ನದೇ ಸೀರೆ. ಇಷ್ಟು ವರ್ಷ ಇಟ್ಟುಕೊಂಡಿದ್ದರು.

"ಸುಳ್ಳಾದ್ರೂ ಕೆಲಸಾನೂ ಚೊಲೋ ಐತಿ ಅನ್ರಿ, ಅಣ್ಣಾರ" ಅಂದೆ. ಅವರೆದುರು ಬಾಯಿಬಿಟ್ಟು ಕೇಳಿದ್ದು ಅದೊಂದೇ.

"ನಿಮ್ಮ ಸೀರಿ ಮುಂದ ಹ್ಯಾಂಗ ಸುಳ್ಳು ಹೇಳ್ಲಿ, ವೈನಿ? ಹೆಸರು ತಿರಿಗಿ ಬಂದದ. ನಮ್ಮಣ್ಣ ಬಂದಿಲ್ಲ."

ಎರಡು ದಿನ ಕೂತು ಉಜ್ಜಿದರು. ಕೊನೆಗೆ ತುಂಡನ್ನು ನನ್ನ ಕೈಗೇ ಕೊಟ್ಟು ಎಳೆಯಿಸಿದರು. ಎಲ್ಲೂ ತಡೆಯಲಿಲ್ಲ. "ಈಗ ಇದು ನಮ್ಮ ಬೆಂಚಿನ ಮಾಲು" ಎಂದು ಆ ತುಂಡನ್ನು ಹೆಸರಿನ ಮೇಲೆ ಗಂಟು ಹಾಕಿ ಕಳಿಸಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರು.

ಹೋದ ವಾರ ತಂತಿ ಹರಿದಿತ್ತೆಂದು ಗಿಟಾರ್ ಹೊತ್ತು ಅದೇ ಅಂಗಡಿಗೆ ಹೋದೆ. ಬೋರ್ಡಿನ ಮೇಲೆ ಹೊಸ ಬಣ್ಣದಲ್ಲಿ 'ಗುರಪ್ಪ ಗಿಟಾರ್ ರಿಪೇರಿ' ಎಂದೇ ಇತ್ತು. ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕಿತು. ಒಳಗೆ ಯಾರೋ ಗುರುತಿಲ್ಲದವರು. "ಆಜಿ, ಕೌನ್ಸಾ ಬ್ರ್ಯಾಂಡ್ ಹೈ?" ಎಂದು ಯಾವ ಕಂಪನಿಯದೆಂದು ಕೇಳುತ್ತ, ಹೆಸರು ನೋಡಲು ಬಟ್ಟೆಯ ಗಂಟಿಗೆ ಕೈ ಹಾಕಿದರು.

ನಾನು ಗಿಟಾರನ್ನು ಅವರ ಕೈಯಿಂದ ಎಳೆದುಕೊಂಡು ಮನೆಗೆ ಬಂದೆ. ಒಂದು ತಂತಿ ಇಲ್ಲ. ಗಂಟು ಮಾತ್ರ ಗುರಪ್ಪಣ್ಣ ಹಾಕಿದ್ದೇ ಇದೆ.