ಬೇಸಿಗೆ ಅರಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ಹಬ್ಬವಿಲ್ಲದ ದಿನ ಒಬ್ಬಟ್ಟು ತಟ್ಟುವ ಮನೆ ನಮ್ಮದಲ್ಲ. ಯುಗಾದಿ ಬಿಟ್ಟರೆ ಬೆಸಗರಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಬೇಳೆ ಬೇಯುವುದು ಸಾರಿಗೇ ಹೊರತು ಹೂರಣಕ್ಕಲ್ಲ. ಹಾಗಿರುವಾಗ ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಕೋಳಿ ಕೂಗುವ ಹೊತ್ತಿಗೆ, ಬೆಲ್ಲ ಕರಗುವ ಪರಿಮಳ ಮೂಗಿಗೆ ಬಡಿದು ಎದ್ದು ಕುಳಿತೆ. ಒಲೆಯ ಮುಂದೆ ನನ್ನ ಅತ್ತೆ ಪುಟ್ಟತಾಯಮ್ಮ ಬಾಳೆಯೆಲೆಯ ಮೇಲೆ ಕಣಕ ತಟ್ಟುತ್ತ ಕುಳಿತಿದ್ದರು. ತಿರುಗಿ ನೋಡದೆಯೇ ಹೇಳಿದರು:

"ಎದ್ಯಾ? ನೀರು ಕಾದದೆ. ಆ ಹಸ್ರು ರೇಸ್ಮೆ ಸೀರೆ ಉಟ್ಕೋ. ಇಸ್ಕೂಲ್‌ಗೆ ಉಟ್ಕೊಂಡ್ ಓಗೋ ಸಪ್ಪೆ ಸೀರೆಗಿವತ್ತು ರಜಾ."

ಸ್ನೇಹಿತರೇ, ಆ ದಿನ ನನ್ನನ್ನು ನೋಡಲು ಗಂಡು ಬರುವುದಿತ್ತು. ನನಗೆ ನಲವತ್ತು ದಾಟಿದೆ. ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ನನ್ನ ಗಂಡ ಕಾಯಿಲೆಯಾಗಿ ತೀರಿಕೊಂಡು ಕೆಲವು ವರ್ಷಗಳಾದವು. ನಮಗೆ ಮಕ್ಕಳಿಲ್ಲ. ಅಂದಿನಿಂದ ಮನೆಯಲ್ಲಿ ನಾನು, ಅತ್ತೆ, ಒಂದು ಹಸು. ತವರಿನ ಅಣ್ಣನಿಗೆ ಈ ಮಾತು ತಿಳಿದಾಗ 'ಈ ವಯಸ್ಸಲ್ಲಿ ಇದೆಲ್ಲ ಯಾಕೆ' ಎಂದು ಫೋನು ಇಟ್ಟುಬಿಟ್ಟಿದ್ದ. ಯಾಕೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವರು ಅತ್ತೆ ಒಬ್ಬರೇ. ವೈದ್ಯನಾಥಪುರದ ಗುಡಿಯಲ್ಲಿ ಸಿಕ್ಕ ದೂರದ ನೆಂಟರಾಕೆಯೊಬ್ಬಳ ಬಾಯಿಂದ ಮಳವಳ್ಳಿಯ ದನದ ಡಾಕ್ಟರೊಬ್ಬರ ಸುದ್ದಿ ಕೇಳಿ, ಹೆಂಡತಿಯನ್ನು ಕಳೆದುಕೊಂಡವರು, ಒಳ್ಳೆಯವರು ಎಂದು ವಿಚಾರಿಸಿಕೊಂಡು, ಬಂದು ನನ್ನೆದುರು ಕುಳಿತು "ಒಂದ್ಸಲ ನೋಡು, ನೋಡುದ್ರೆ ಕಣ್ಣೇನು ಸವೆದೋಗಾಕಿಲ್ಲ" ಎಂದವರು ಅವರೇ.

ಆದರೆ ಎಲ್ಲಿ ನೋಡುವುದು? ಊರಲ್ಲಿ ನೋಡಿದರೆ ಬಾಗಿಲಿಗೊಂದು ಬಾಯಿ. ಮದ್ದೂರಿನಲ್ಲಾದರೆ ನನ್ನ ವಿದ್ಯಾರ್ಥಿಗಳಿಲ್ಲದ ಹೋಟೆಲಿಲ್ಲ. ಕೊನೆಗೆ ಅತ್ತೆಯೇ ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟದ ಹೆಸರು ತೆಗೆದರು. ಹಿಂದೆಂದೋ ಮದುವೆಯ ದಿಬ್ಬಣದ ಜೊತೆ ಹೋದಾಗ ಹೊರಗಿನಿಂದ ನೋಡಿದ್ದರಂತೆ. "ಅಲ್ಲಿಗೆ ಎಲ್ಲಾ ಊರ್‌ನೋರೂ ಬತ್ತಾರೆ, ನಮ್ಮೂರೋರು ಮಾತ್ರ ಬರಾಕಿಲ್ಲ" ಎಂಬುದು ಅವರ ಲೆಕ್ಕ. ಹೀಗೆ ಗುಟ್ಟು ಕಾಪಾಡಲು ನಾವು ಸುಲ್ತಾನರ ಬೇಸಿಗೆ ಅರಮನೆಯನ್ನೇ ಆಶ್ರಯಿಸಿದೆವು.

ಬಸ್ಸು ಮಂಡ್ಯ ದಾಟಿ ಕಬ್ಬಿನ ಗದ್ದೆಗಳ ನಡುವೆ ಓಡುತ್ತಿದ್ದಾಗ ನನ್ನೊಳಗೆ ನಡೆದಿದ್ದನ್ನು ಹೇಳಿಕೊಳ್ಳಲು ಈಗಲೂ ಸಂಕೋಚ. ಪರೀಕ್ಷೆಗೆ ಹೊರಟ ಹುಡುಗಿಯ ಪುಕ್ಕಲುತನವೂ ಜಾತ್ರೆಗೆ ಹೊರಟ ಹುಡುಗಿಯ ಹುಮ್ಮಸ್ಸೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತಿದ್ದವು. ಕಿಟಕಿಯ ಗಾಳಿಗೆ ಸೆರಗು ಹಾರಿದರೆ ಹಿಡಿದುಕೊಳ್ಳುವುದನ್ನೂ ಮರೆತಿದ್ದೆ. ಇನ್ನೇನು ಕಾದಿದೆಯೋ ಎಂಬ ಕುತೂಹಲ ನನ್ನ ಬದುಕಿನಿಂದ ಎಂದು ಎದ್ದುಹೋಗಿತ್ತೋ ತಿಳಿಯದು. ಅದು ಮರಳಿ ಬಂದು ಪಕ್ಕದಲ್ಲಿ ಕುಳಿತಾಗಲೇ ಇಷ್ಟು ದಿನ ಇರಲಿಲ್ಲವೆಂಬುದು ಅರಿವಾದದ್ದು.

ತೋಟದ ಬಾಗಿಲು ದಾಟಿದೊಡನೆ ಕಣ್ಣಿಗೆ ಬೀಳುವುದು ಅರಮನೆಯಲ್ಲ, ಅದಕ್ಕೆ ಕರೆದೊಯ್ಯುವ ನೇರವಾದ ಹಾದಿ. ಎರಡೂ ಬದಿಗೆ ಕತ್ತರಿಸಿ ಬಿಟ್ಟ ಹುಲ್ಲು, ಸಾಲಾಗಿ ನಿಂತ ಗಿಡಮರ, ದೂರದಲ್ಲಿ ಎತ್ತರದ ಜಗಲಿಯ ಮೇಲೆ ಹಸಿರು ಪರದೆಗಳನ್ನು ಇಳಿಬಿಟ್ಟುಕೊಂಡು ನಾಚಿ ನಿಂತಂತಿರುವ ಕಟ್ಟಡ. ಅತ್ತೆ ಅರ್ಧ ಹಾದಿಯಲ್ಲೇ ನಿಂತು ಸುತ್ತ ಕಣ್ಣಾಡಿಸಿದರು.

"ಇಸ್ಟೊಂದು ಉಲ್ಲು ಬೆಳ್ಸವ್ರೆ, ಒಂದ್ ಹಸ ಕಟ್ಟಿಲ್ವಲ್ಲ ತಾಯಿ."

ನಾನು ನಕ್ಕೆ. ಆದರೆ ಆ ಮಾತು ನನ್ನ ಜೊತೆ ನಡೆಯತೊಡಗಿತು. ನಮ್ಮಂಥವರ ಮನೆಗಳಲ್ಲಿ ಕೆಲಸವಿಲ್ಲದ ವಸ್ತುವಿಗೆ ಜಾಗವಿಲ್ಲ. ಜಗಲಿ ರಾಗಿ ಒಣಗಿಸಲು, ಹಿತ್ತಿಲ ನುಗ್ಗೆ ಸಾರಿಗೆ, ಸೇವಂತಿಗೆ ದೇವರಿಗೆ. ಕೋಟೆಯನ್ನು ಭಯ ಕಟ್ಟಿಸುತ್ತದೆ, ದೊಡ್ಡ ಅರಮನೆಯನ್ನು ಗರ್ವ ಕಟ್ಟಿಸುತ್ತದೆ. ಇಂಥದೊಂದು ತೋಟದ ಮನೆಯನ್ನು ಕಟ್ಟಿಸುವುದು ಯಾವುದು? ನಾಲ್ಕೂ ದಿಕ್ಕಿನಲ್ಲಿ ವೈರಿಗಳಿದ್ದ ಕಾಲದಲ್ಲೂ ಒಬ್ಬ ಅರಸನಿಗೆ ನದಿಯ ಕಡೆಯಿಂದ ಬರುವ ತಂಗಾಳಿಗೆಂದೇ ಒಂದು ಮನೆ ಬೇಕೆನಿಸಿತು. ಅಗತ್ಯವಿರಲಿಲ್ಲ, ಬೇಕಿತ್ತು, ಅಷ್ಟೆ. ಅದಕ್ಕೆ ಕಡಲ ಸಿರಿ ಎಂಬ ಅರ್ಥದ ಹೆಸರನ್ನೂ ಇಟ್ಟರು. ಅರಮನೆ ಎಂಬ ಪದವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿದ್ದೇನೆ. ಕಾಗುಣಿತ ತಪ್ಪಿ 'ಅರೆಮನೆ' ಎಂದು ಬರೆದ ಮಕ್ಕಳ ಉತ್ತರಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಅರಸ ಇರುವುದು ಅರಮನೆ, ಸರಿಯೇ. ಆದರೆ ಒಬ್ಬರು ಎದ್ದು ಹೋದ ಮೇಲೆ ಉಳಿಯುವ ಮನೆಗೆ ಆ ಮಕ್ಕಳು ಕೊಟ್ಟ ಹೆಸರೇ ಸರಿಯಾಗಿತ್ತಲ್ಲವೇ ಎಂದು ಅಂದು ಅನಿಸಿತು.

ಜಗಲಿಯ ಮೆಟ್ಟಿಲ ಬಳಿ ಅವರು ನಿಂತಿದ್ದರು. ನಂಜುಂಡಸ್ವಾಮಿ. ಎತ್ತರದ ಆಳು, ಕಿವಿಯ ಬಳಿ ನರೆತ ಕೂದಲು, ಇಸ್ತ್ರಿಯ ಗೆರೆ ಎದ್ದು ಕಾಣುವ ಬಿಳಿ ಅಂಗಿ. ಪಕ್ಕದಲ್ಲಿ ಅವರ ಅಕ್ಕ ಜಯಮ್ಮ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆಯುತ್ತ. ನಮಸ್ಕಾರಗಳಾದವು. ಜಯಮ್ಮ ನಮ್ಮ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡಿದರು.

"ಹೆಣ್ಣಿನ ಕಡೇರು ಇನ್ಯಾರೂ ಬರ್ನಿಲ್ವಾ?"

"ನಾನೇಯ ಹೆಣ್ಣಿನ ಕಡೆ" ಎಂದರು ಅತ್ತೆ.

"ತಾಯೇರಾ?"

"ಅಲ್ಲ ಕಣವ್ವ. ಅತ್ತೆ."

"ಅಂದ್ರೆ ಸೋದರತ್ತೆ?"

"ಗಂಡನ್ ತಾಯಿ. ಸತ್ತೋನ್ನ ಹೆತ್ತೋಳು ನಾನೇಯ."

ಜಯಮ್ಮನ ಬಾಯಿ ಸ್ವಲ್ಪ ತೆರೆದು ಹಾಗೆಯೇ ನಿಂತಿತು. ಗಂಡನ ಮನೆಯವರು ತಡೆಯುವುದನ್ನು ಕೇಳಿದ್ದರು, ಬೈಯುವುದನ್ನು ಕೇಳಿದ್ದರು. ಒಬ್ಬಟ್ಟು ಕಟ್ಟಿಕೊಂಡು ಮುಂದೆ ನಿಂತು ಗಂಡು ತೋರಿಸುವುದನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. ನಂಜುಂಡಸ್ವಾಮಿಯವರು ಮಾತ್ರ ಬಗ್ಗಿ ಅತ್ತೆಯ ಕಾಲು ಮುಟ್ಟಿದರು. ಅತ್ತೆ ಗಾಬರಿಯಿಂದ ಕಾಲು ಹಿಂದಕ್ಕೆಳೆದುಕೊಂಡರು.

"ಬುಡಪ್ಪ, ಇರ್ಲಿ ಬುಡು. ಓಗಿ, ನೀವಿಬ್ರೂ ಒಳೀಕ್ ಓಗಿ ನೋಡ್ಕಂಡ್ ಬನ್ನಿ. ನಾವು ಇಲ್ಲೇ ನೆಳ್ಳಲ್ ಕುಂತಿರ್ತೀವಿ."

ನೀವು ಆ ಅರಮನೆಯನ್ನು ನೋಡಿದ್ದರೆ ಬಲ್ಲಿರಿ, ಅದರ ಗೋಡೆಗಳಿಗೆ ಬರಿಮೈ ಎಂಬುದೇ ಇಲ್ಲ. ಗೇಣು ಜಾಗವನ್ನೂ ಬಿಡದೆ ಹೂವು, ಬಳ್ಳಿ, ಬಣ್ಣ. ತೇಗದ ಕಂಬಗಳ ಮೇಲೂ ಕಮಾನುಗಳ ಮೇಲೂ ಚಿತ್ತಾರ. ಪಡುವಣ ಗೋಡೆಯ ತುಂಬ ಯುದ್ಧ. ಪರದೆಯ ಹಸಿರು ನೆರಳಿನಲ್ಲಿ ಕುದುರೆಗಳು ಕೆನೆಯುತ್ತಿದ್ದವು, ಆನೆಗಳು ನುಗ್ಗುತ್ತಿದ್ದವು, ಸಾಲುಸಾಲು ಸೈನಿಕರು ಒಂದೇ ಮೀಸೆಯನ್ನು ಹಂಚಿಕೊಂಡವರಂತೆ ನಿಂತಿದ್ದರು. ನಾವಿಬ್ಬರೂ ಆ ಗದ್ದಲದ ಮುಂದೆ ಮೌನವಾಗಿ ನಡೆದೆವು. ಆಮೇಲೆ ಅವರು ಒಂದು ಆನೆಯ ಮುಂದೆ ನಿಂತು, ದನಿ ತಗ್ಗಿಸಿ, ಬಹಳ ಗಂಭೀರವಾಗಿ ಹೇಳಿದರು:

"ಮೇಡಂ, ಈ ಆನೆ ನೋಡೋ ನೋಟ ಎಲ್ಲೋ ನೋಡ್ದಂಗಿಲ್ವಾ? ಈಗ ಮೆಟ್ಲತ್ರ ನಿಮ್ಮನ್ನ ನಮ್ಮಕ್ಕ ನೋಡುದ್ರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಅಡ್ಡ ಹಿಡಿಯುವಷ್ಟರಲ್ಲಿ ಅದು ಹೊರಬಿದ್ದು ಚಾವಣಿಯವರೆಗೂ ಹೋಗಿ ಬಂತು. ಶಾಲಾ ಪ್ರವಾಸದ ಮಕ್ಕಳ ಒಂದು ಸಾಲು ನಿಂತು ನಮ್ಮನ್ನೇ ನೋಡಿತು. ಹೊರಗೆ ನೆರಳಿನಲ್ಲಿ ಕುಳಿತ ಅತ್ತೆಗೂ ಅದು ಕೇಳಿಸಿತ್ತೆಂದು ಆಮೇಲೆ ಗೊತ್ತಾಯಿತು. "ನಮ್ ಸುಮಿತ್ರ ನಗ್ತಾವ್ಳೆ, ಕೇಳುಸ್ತಾ?" ಎಂದು ಜಯಮ್ಮನ ತೋಳು ಹಿಡಿದು ಅಲ್ಲಾಡಿಸಿದರಂತೆ.

ಅರಮನೆಯ ಹಿಂಬದಿಯ ಹಾದಿಯಲ್ಲಿ ನಡೆಯುತ್ತ ಅವರು ತಮ್ಮ ಕಥೆ ಹೇಳಿದರು. ಹೆಂಡತಿ ಹೋದ ಮೇಲೆ ಮನೆಯಲ್ಲಿ ಮಾತೇ ಮರೆತುಹೋಗಿ, ಚಿಕಿತ್ಸೆಗೆ ಬಂದ ಎಮ್ಮೆಗಳ ಜೊತೆಗೇ ಹೆಚ್ಚು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರಂತೆ. ಆಮೇಲೆ ಕೇಳಿದರು, "ನಿಮ್ಗೇನು ಬೇಕು ಅಂತ ನೀವು ಹೇಳ್ನೇ ಇಲ್ಲ."

ಎಷ್ಟು ಚಿಕ್ಕ ಪದ ಅದು, ಬೇಕು. ಮಗು ಮೊದಲು ಕಲಿಯುವ ಪದಗಳಲ್ಲೊಂದು. ಆದರೆ ಈ ಕೆಲವು ವರ್ಷಗಳಲ್ಲಿ ಜನ ನನ್ನನ್ನು ಕೇಳಿದ್ದೆಲ್ಲ ಏನು ತೊಂದರೆ, ಏನು ಸಹಾಯ, ಏನು ವ್ಯವಸ್ಥೆ ಎಂದೇ. ಏನು ಬೇಕು ಎಂದು ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಅಗತ್ಯಗಳ ಪಟ್ಟಿಯಲ್ಲಿ ಆಸೆಯ ಸಾಲು ಯಾವಾಗಲೋ ಅಳಿಸಿಹೋಗಿತ್ತು. ದರಿಯಾ ದೌಲತ್ ಬಾಗ್ ಎಂಬ ಹೆಸರಿನ ಆ ತೋಟದಲ್ಲಿ ಬಾಗಿದ ತಲೆಯನ್ನು ಎತ್ತಿ ನಾನು ಅವರ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಬೇಕು ಎನ್ನುವುದಕ್ಕೆ ನಾಚಬೇಕಿಲ್ಲವೆಂದು ಸುತ್ತಲಿನ ಹುಲ್ಲು, ಹೂವು, ಬಣ್ಣದ ಗೋಡೆ ಎಲ್ಲ ಒಟ್ಟಾಗಿ ಹೇಳುತ್ತಿದ್ದಂತಿತ್ತು.

"ಊಟದ ಹೊತ್ತಿಗೆ ಹೇಳ್ತೀನಿ" ಎಂದೆ.

ತೋಟದೊಳಗೆ ಕುಳಿತು ಉಣ್ಣುವಂತಿರಲಿಲ್ಲ. ಹೊರಬಂದು ಹೊಳೆಯ ಕಡೆ ನಡೆದು, ಒಂದು ಹೊಂಗೆಯ ನೆರಳಿನಲ್ಲಿ ಕುಳಿತೆವು. ಅತ್ತೆ ಎಲೆ ಹಾಸಿ ಒಬ್ಬಟ್ಟು, ತುಪ್ಪ ಬಡಿಸಿದರು. ಜಯಮ್ಮ ಮೊದಲ ತುತ್ತಿಗೇ ಸ್ವಲ್ಪ ಮೆತ್ತಗಾದರು. ಆಗ ನಾನು ಹೇಳಿದೆ. ದನಿ ತರಗತಿಯಲ್ಲಿ ನಿಂತಷ್ಟು ಗಟ್ಟಿಯಾಗಿತ್ತು.

"ನನಗೆ ಈ ಸಂಬಂಧ ಇಷ್ಟ. ಆದರೆ ಅತ್ತೆ ನನ್ನ ಜೊತೆಗೇ ಇರಬೇಕು. ಅವರನ್ನು ಬಿಟ್ಟು ಬರಲಾರೆ."

ಜಯಮ್ಮನ ಕೈ ಎಲೆಯ ಮೇಲೇ ನಿಂತಿತು. ಆದರೆ ಸಿಟ್ಟು ಬಂದದ್ದು ಅವರಿಗಲ್ಲ, ಅತ್ತೆಗೆ.

"ಏನವ್ವ ನೀನು ಆಡಾ ಮಾತು? ಲಗ್ನವಾದ್ ಹುಡ್ಗಿ ಹಿಂದುಕ್ಕೆ ಮೊದುಲ್ನೇ ಗಂಡನ್ ತಾಯಿ ಓಗೋದ ಎಲ್ಲಾರ ಕಂಡಿದ್ದೀಯ? ನಗಾಕಿಲ್ವಾ ಜನ? ನಾನೇನ್ ಕಾಲಿಲ್ದೋಳಾ, ಕೈಯಿಲ್ದೋಳಾ? ನನ್ಗೆ ಹಸ ಅದೆ, ಮನೆ ಅದೆ."

"ನಿಮ್ಮನ್ನು ಸಾಕುವುದಕ್ಕಲ್ಲ ಕರೆಯುತ್ತಿರುವುದು. ನನಗೆ ನೀವು ಬೇಕು" ಎಂದೆ.

ಬೆಳಗಿನಿಂದ ಹುಡುಕುತ್ತಿದ್ದ ಪದ ಅಷ್ಟು ಸಲೀಸಾಗಿ ನಾಲಗೆಗೆ ಬಂದದ್ದಕ್ಕೆ ನನಗೇ ಬೆರಗಾಯಿತು. ಅತ್ತೆ ಮುಖ ತಿರುಗಿಸಿ ಹೊಳೆಯನ್ನು ನೋಡತೊಡಗಿದರು. ಜಯಮ್ಮ ತಮ್ಮನನ್ನು ನೋಡಿದರು. ನಂಜುಂಡಸ್ವಾಮಿಯವರು ಕೈಯಲ್ಲಿದ್ದ ತುತ್ತನ್ನು ಎಲೆಗಿಟ್ಟರು.

"ಮದ್ದೂರಲ್ಲೇ ಮನೆ ಮಾಡೋಣ. ಮೇಡಂ ಸ್ಕೂಲು ಅಲ್ಲೇ ಅದೆ. ನಾನು ಮಳವಳ್ಳಿಗೆ ಬಸ್ಸಲ್ಲಿ ಓಡಾಡ್ತೀನಿ. ಹಿತ್ತಿಲಿರೋ ಮನೇನೇ ನೋಡ್ತೀನಿ. ದನದ ಡಾಕ್ಟ್ರು ಮನೇಲಿ ಹಸಕ್ಕೆ ಜಾಗ ಇಲ್ದೋದ್ರೆ ಇನ್ನೆಲ್ಲಿರ್ತದೆ?"

"ನಾನ್ಯಾಕಪ್ಪ ಬರ್ಲಿ?" ಎಂದರು ಅತ್ತೆ, ಇನ್ನೂ ಹೊಳೆಯನ್ನೇ ನೋಡುತ್ತ. "ನಿನ್ಗೆ ನಾನು ಏನಾಗ್ಬೇಕು?"

ನಂಜುಂಡಸ್ವಾಮಿಯವರು ನಿಜವಾಗಿಯೂ ಯೋಚಿಸಿದರು. ನಮ್ಮ ಭಾಷೆಯಲ್ಲಿ ಚಿಕ್ಕಪ್ಪನ ಹೆಂಡತಿಗೆ, ನಾದಿನಿಗೆ, ಓರಗಿತ್ತಿಗೆ, ಬೀಗಿತ್ತಿಗೆ ಎಲ್ಲ ಪದವಿದೆ. ಹೆಂಡತಿಯ ಮೊದಲ ಗಂಡನ ತಾಯಿಗೆ ಒಂದು ಪದವನ್ನು ಕನ್ನಡದ ಮೇಷ್ಟ್ರಮ್ಮನಾದ ನಾನೂ ಹೇಳಿಕೊಡಲಾರದೆ ಕುಳಿತಿದ್ದೆ.

"ಅದ್ಕೆ ಹೆಸ್ರು ಗೊತ್ತಿಲ್ಲ" ಎಂದರು ಕೊನೆಗೆ. "ಗೊತ್ತಾಗೋಗಂಟ ಅವ್ವ ಅಂತೀನಿ."

ಅತ್ತೆ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಡಬ್ಬಿಯಿಂದ ಇನ್ನೊಂದು ಒಬ್ಬಟ್ಟು ತೆಗೆದು ಅವರ ಎಲೆಗೆ ಹಾಕಿ, ಬೇಡವೆನ್ನುವುದರೊಳಗೆ ತುಪ್ಪವನ್ನೂ ಸುರಿದರು. ಜಯಮ್ಮ ದೊಡ್ಡದೊಂದು ಉಸಿರು ಬಿಟ್ಟರು.

"ನಂದೇನವ್ವ ಇದ್ರಾಗೆ? ನಮ್ಮವ್ವ ಇದ್ದಿದ್ರೂ ಇಂಗೇ ಮೂತಿ ತಿರುಗುಸ್ಕಂಡ್ ಕುಂತ್ಕತಿದ್ಲು. ಬರೋ ವಾರ ನೀವಿಬ್ರೂ ಮಳವಳ್ಳಿಗೆ ಬನ್ನಿ, ನನ್ ಕೈ ಅಡ್ಗೆ ಉಂಡು ಓಗೀರಂತೆ" ಎಂದರು. ನಂಜುಂಡಸ್ವಾಮಿಯವರು ನನ್ನತ್ತ ನೋಡಲಿಲ್ಲ. ಎಲೆಯನ್ನೇ ನೋಡುತ್ತ ನಗುತ್ತಿದ್ದರು. ನನಗೆ ಎದ್ದು ಮತ್ತೆ ಆ ತೋಟದ ಉದ್ದಗಲಕ್ಕೂ ಓಡಿಬರಬೇಕೆನಿಸಿತು. ಹಸಿರು ರೇಷ್ಮೆ ಸೀರೆಯೂ ಮೇಷ್ಟ್ರಮ್ಮನ ಮರ್ಯಾದೆಯೂ ಸೇರಿ ಹಿಡಿದು ಕೂರಿಸಿದವು.

ಸಂಜೆ ಮಂಡ್ಯದಲ್ಲಿ ಅವರು ಮಳವಳ್ಳಿಯ ಬಸ್ಸು ಹತ್ತಿದರು. ನಾವು ಮದ್ದೂರಿನಲ್ಲಿಳಿದು ಊರಿನ ಬಸ್ಸು ಹಿಡಿದೆವು. ಬಸ್ಸಿನ ತುಂಬ ನಮ್ಮೂರಿನವರೇ; ಸಂತೆ ಮುಗಿಸಿದವರು, ಭಾನುವಾರವೂ ಕೆಲಸವಿದ್ದು ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬರುತ್ತಿದ್ದ ಹೆಣ್ಣುಮಕ್ಕಳು. ಅತ್ತೆ ಏನು ಸುಳ್ಳು ಹೇಳಬಹುದು, ಯಾವ ದೇವಸ್ಥಾನದ ಹೆಸರು ತೆಗೆಯಬಹುದು ಎಂದು ನಾನು ಯೋಚಿಸುತ್ತಿರುವಾಗಲೇ ಪಕ್ಕದ ಬೀದಿಯ ಚಿಕ್ಕತಾಯಮ್ಮ ಮುಂದಿನ ಸೀಟಿನಿಂದ ತಿರುಗಿದಳು.

"ಏನ್ ಪುಟ್ಟತಾಯಕ್ಕ, ಅತ್ತೆ ಸೊಸೆ ರೇಸ್ಮೆ ಸೀರೆ ಉಟ್ಕಂಡು ಎತ್ಲಾಗ್ ಓಗಿದ್ರಿ?"

"ನಮ್ಮುಡ್ಗೀಗೆ ಗಂಡು ನೋಡಾಕ್ ಓಗಿದ್ದೋ" ಎಂದರು ಅತ್ತೆ, ಡ್ರೈವರಿಗೂ ಕೇಳುವ ಹಾಗೆ.

ಒಂದೊಂದೇ ತಲೆ ನನ್ನತ್ತ ತಿರುಗಿತು. ಚಿಕ್ಕತಾಯಮ್ಮ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ತಮಾಷೆಯಲ್ಲವೆಂದು ಖಾತ್ರಿಯಾದ ಮೇಲೆ ನನ್ನನ್ನೇ ಕೇಳಿದಳು:

"ಎಂಗವ್ನಮ್ಮ ಗಂಡು?"

ಕಿಟಕಿಯ ಕಡೆ ತಿರುಗಿಬಿಡಬಹುದಿತ್ತು. ತಿರುಗಲಿಲ್ಲ.

"ಚೆನ್ನಾಗವ್ರೆ ಕಣಕ್ಕ" ಎಂದೆ, ಹಿಂದಿನ ಸೀಟಿನವರಿಗೂ ಕೇಳಲೆಂದು.