ಎಡೆಗೆ ಮುಂಚಿನ ಉಪ್ಪು

ಬಾಗೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಕೃಷ್ಣಮ್ಮನವರ ಮನೆ. ಸಂಬಂಧವೇನಿಲ್ಲ, ಆದರೂ ನಾನು ಕರೆಯುವುದು ದೊಡ್ಡಮ್ಮ ಎಂದೇ. ಅರವತ್ತೆರಡು ವಯಸ್ಸು, ಕುಳ್ಳು ದೇಹ, ಯಾರ ಮಾತಿಗೂ ಸೊಪ್ಪು ಹಾಕುವ ಜಾಯಮಾನವಲ್ಲ. ಬೀಗರೂಟವಾಗಲಿ, ಪಿತೃಪಕ್ಷವಾಗಲಿ, ಸುತ್ತಲಿನ ಹಳ್ಳಿಯವರು ಮೊದಲು ಇವರ ಬಿಡುವು ಕೇಳಿ ಆಮೇಲೆ ದಿನ ಗೊತ್ತುಮಾಡುತ್ತಾರೆ. ಇದು ಸ್ವಲ್ಪ ಅತಿಯಾಯಿತು ಎಂದು ನನಗೂ ಅನ್ನಿಸುವುದುಂಟು. ಅವರ ಮಟನ್ ಸಾರು ಉಂಡ ದಿನ ಮಾತ್ರ ಅನ್ನಿಸುವುದಿಲ್ಲ.

ಆ ಸಾರಿನ ಗುಟ್ಟು ಒಣ ಈರುಳ್ಳಿ. ಬೇಸಿಗೆಯಲ್ಲಿ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿ, ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಒಣಗಿಸಿ ಡಬ್ಬಕ್ಕೆ ತುಂಬುತ್ತಾರೆ. ಮಳೆಗಾಲದ ಈರುಳ್ಳಿ ಬರೀ ನೀರು, ಬಾಂಡಲಿಗೆ ಹಾಕಿದರೆ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ ಎಂಬುದು ಅವರ ವಾದ. ಒಣಗಿದ್ದನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವ ತನಕ ಹುರಿದು, ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ತೆಂಗಿನಕಾಯಿ ಜೊತೆ ರುಬ್ಬಿ ಹಾಕಿದರೆ ಘಮ ಬೀದಿಯವರೆಗೂ ಬರುತ್ತದೆ.

ಕಳೆದ ವರ್ಷ ಆಗಸ್ಟಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಒಂದು ದಿನ ನೋಡಿದರೆ ಡಬ್ಬದ ಮುಚ್ಚಳ ಸಡಿಲವಾಗಿ, ಒಳಗಿದ್ದ ಈರುಳ್ಳಿಗೆಲ್ಲ ಬೂಷ್ಟು ಬಂದಿತ್ತು. ದೊಡ್ಡಮ್ಮ ಅದನ್ನು ತಿಪ್ಪೆಗೆ ಸುರಿದು ಬಂದು, "ಲೇ ಶಾಂತಿ, ಸ್ಕೂಟರ್ ತೆಗಿ, ಆಸನಕ್ಕೆ ಓಗ್ಬರಾನ" ಎಂದರು. ನನ್ನ ಹೊಲಿಗೆ ಅಂಗಡಿಗೆ ಅವತ್ತು ಅವರೇ ರಜೆ ಘೋಷಿಸಿದ ಹಾಗಾಯಿತು.

ಅವಸರಕ್ಕೆ ಕಾರಣವಿತ್ತು. ದಂಡಿಗನಹಳ್ಳಿಯ ಕಾಂತರಾಜು ಅವರ ತಾಯಿ ನಂಜಮ್ಮ ತೀರಿಕೊಂಡು ವರ್ಷ ತುಂಬಿತ್ತು. ಪಕ್ಷದಲ್ಲಿ ಅವರಿಗೆ ಇಡುವ ಮೊದಲನೆಯ ಎಡೆ. ಇದ್ದಾಗಲೇ ನಂಜಮ್ಮ ಹೇಳಿಟ್ಟಿದ್ದರಂತೆ, ನನ್ನ ಎಡೆಯ ಸಾರು ಕೃಷ್ಣಮ್ಮನೇ ಮಾಡಬೇಕು ಎಂದು. ಪಾಪ, ಕೊನೆಯ ಮೂರು ವರ್ಷ ಆ ತಾಯಿ ಉಂಡಿದ್ದು ಉಪ್ಪಿಲ್ಲದ ಊಟ. ಬಿಪಿ ಜಾಸ್ತಿಯಾಗಿ, ಕಿಡ್ನಿ ಕೆಟ್ಟು, ಡಾಕ್ಟರು ಉಪ್ಪು ಮುಟ್ಟಿಸಬೇಡಿ ಎಂದಿದ್ದರು. ಹಾಗಾಗಿ ಈ ಒಂದು ಎಲೆಯ ಮೇಲಾದರೂ ಸಾರು ನಂಜಮ್ಮನ ಬಾಯಿಗೆ ಹಿಡಿಸುವ ಹಾಗಿರಬೇಕು ಎಂದು ದೊಡ್ಡಮ್ಮ ಹಟ ಹಿಡಿದಿದ್ದರು.

ಹಾಸನದ ದಿನಸಿ ಅಂಗಡಿಯಲ್ಲಿ ಒಣ ಈರುಳ್ಳಿ ಮೂರು ಬಗೆ ಇತ್ತು. ಕರಿದು ಪ್ಯಾಕೆಟ್ ಮಾಡಿದ್ದು, ಪುಡಿ, ಮತ್ತೆ ಬೆಳ್ಳಗೆ ಒಣಗಿಸಿದ ಚೂರು. ಕರಿದದ್ದನ್ನು ಮೂಸಿ, "ಎಣ್ಣೆ ಅಳೇದು" ಎಂದು ಪಕ್ಕಕ್ಕೆ ತಳ್ಳಿದರು. ಪುಡಿಯನ್ನು ಬೆರಳಲ್ಲಿ ಉಜ್ಜಿ, "ಇದ್ರಾಗೆ ಈರುಳ್ಳಿಗಿಂತ ಇಟ್ಟೇ ಜಾಸ್ತಿ ಕಣಪ್ಪ" ಎಂದರು. ಅಂಗಡಿಯವನ ಮುಖ ಸಪ್ಪಗಾಯಿತು. ಕೊನೆಗೆ ಚೂರು ಆರಿಸಿ, ಮುರಿದು ಸದ್ದು ಕೇಳಿ, ಒಂದನ್ನು ಬಾಯಿಗೆ ಹಾಕಿಕೊಂಡು, ನನಗೂ ಒಂದು ಕೊಟ್ಟರು. ಘಾಟು ಚೆನ್ನಾಗಿದೆ ಎಂದು ಇಬ್ಬರೂ ಒಪ್ಪಿದೆವು. ಇಬ್ಬರಿಗೂ ನಾಲಿಗೆ ಇತ್ತು, ಬುದ್ಧಿ ಇರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಬ್ಬದ ದಿನ ಬೆಳಿಗ್ಗೆಯೇ ದಂಡಿಗನಹಳ್ಳಿ ಸೇರಿದೆವು. ಎಂಬತ್ತು ಜನರ ಅಡುಗೆ. ಹಿತ್ತಲಲ್ಲಿ ಒಲೆ ಹೂಡಿ, ನಾನು ಬೆಳ್ಳುಳ್ಳಿ ಸುಲಿದೆ, ದೊಡ್ಡಮ್ಮ ಮಸಾಲೆ ಹುರಿದರು. ಹಿರಿಯರಿಗೆ ಎಡೆ ಇಡುವ ತನಕ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡರೂ ಎಂಜಲು. ದೊಡ್ಡಮ್ಮನಿಗೆ ಅದೊಂದು ಲೆಕ್ಕವೇ ಅಲ್ಲ. ಮೂವತ್ತು ವರ್ಷದಿಂದ ಹೀಗೆ ಮೂಗು, ಕಣ್ಣು, ಕೈಯಳತೆ ನಂಬಿ ಮಾಡಿದವರು. ಕುದಿಯುವ ಸಾರಿಗೆ ಮೂರು ಹಿಡಿ ಕಲ್ಲುಪ್ಪು ಹಾಕಿ ಕೈ ಒರೆಸಿಕೊಂಡರು.

ಕಾಂತರಾಜು ಅವರ ಹೆಂಡತಿ ಸ್ನೇಹಲತಾ ಕಾಫಿ ತಂದುಕೊಟ್ಟು, "ಕೃಷ್ಣಕ್ಕ, ನೀವು ಈರುಳ್ಳಿ ಎಂಗೆ ಒಣಗಿಸ್ತೀರಿ? ಬೇಸ್ಗೇಲಿ ನಾನೂ ಮಾಡಾನ ಅಂತಿದೀನಿ" ಎಂದು ಕೇಳಿದರು.

"ಅದೇನ್ ಬ್ರಮ್ಮವಿದ್ಯೆ ಅಲ್ಲ ಕಣವ್ವ. ಸಣ್ಣಗೆ ಎಚ್ಕೋ. ಉಪ್ಪು ಕಲಸಿ ಒಂದೊತ್ತು ಬುಡು. ನೀರೆಲ್ಲ ಇಂಡಿ..."

ಮಾತು ಅಲ್ಲಿಗೇ ನಿಂತಿತು. ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. ನನಗೂ ಅದೇ ಕ್ಷಣ ಹೊಳೆಯಿತು. ದೊಡ್ಡಮ್ಮನ ಈರುಳ್ಳಿ ಒಣಗುವ ಮೊದಲೇ ಉಪ್ಪು ಕುಡಿದಿರುತ್ತದೆ. ಅವರ ಮೂರು ಹಿಡಿಯ ಅಳತೆ ಆ ಈರುಳ್ಳಿಗೆ ಒಗ್ಗಿದ್ದು. ಅಂಗಡಿಯ ಚೂರಿನಲ್ಲಿ ಉಪ್ಪಿನ ಸೋಂಕೂ ಇರಲಿಲ್ಲ. ಸಾರು ಸಪ್ಪೆ.

"ಇನ್ನೆರಡು ಇಡಿ ಬೇಕು" ಎಂದು ದೊಡ್ಡಮ್ಮ ಉಪ್ಪಿನ ಡಬ್ಬಕ್ಕೆ ಕೈ ಹಾಕಿದರು.

ಸ್ನೇಹಲತಾ ದೊಡ್ಡಮ್ಮನ ಕೈ ಹಿಡಿದುಕೊಂಡರು. "ಮೂರು ಇಡಿ ಆಕಿದ್ನ ನಾನೇ ನೋಡಿದೀನಿ. ಉಪ್ಪು ಮುಂದಾದ್ರೆ ತಗಿಯಕ್ಕಾಗಲ್ಲ ಕೃಷ್ಣಕ್ಕ. ಮೊದಲ್ನೇ ಎಡೆ." ಆಕೆಯನ್ನು ದೂರುವ ಹಾಗಿರಲಿಲ್ಲ. ನಾನೇ ಆ ಮನೆಯ ಸೊಸೆಯಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಗಲಾಟೆ ಕೇಳಿ ಕಾಂತರಾಜು ಬಂದರು. ಐವತ್ತರ ಗಂಡಸು, ಪೂಜೆಗೆಂದು ಮಡಿಪಂಚೆ ಉಟ್ಟಿದ್ದರು. ದೊಡ್ಡಮ್ಮ ಮುಚ್ಚುಮರೆ ಮಾಡದೆ ನಡೆದದ್ದನ್ನು ಹೇಳಿದರು. "ತಪ್ಪು ನಂದೇ. ಅಂಗ್ಡೀಲಿ ಬಾಯಿಗಾಕ್ಕೊಂಡಾಗ್ಲೇ ತಿಳೀಬೇಕಿತ್ತು."

"ರುಚಿ ನೋಡಂಗಿಲ್ವಲ್ಲ ಅಕ್ಕ. ಇಂಗೇ ಎಡೆ ಇಟ್ಬುಡಾನ. ಆಮೇಲೆ ಬೇಕಾದೋರು ಉಪ್ಪಾಕ್ಕೊಂಡು ಉಣ್ಲಿ" ಎಂದರು ಕಾಂತರಾಜು.

ದೊಡ್ಡಮ್ಮ ದನಿ ಏರಿಸಲಿಲ್ಲ. "ನಾವು ಆಕ್ಕೊಂಡು ಉಣ್ತೀವಿ ಕಾಂತಪ್ಪ. ನಿಮ್ಮವ್ವ ಎದ್ಬಂದು ಆಕ್ಕೊಂತದಾ?"

ಸ್ನೇಹಲತಾ ಹಿಡಿದಿದ್ದ ಕೈ ಬಿಟ್ಟರು.

"ನನ್ನ ಕೈ ಮೇಲೆ ನಂಗೆ ನಂಬ್ಕೆ ಅದೆ. ಎಚ್ಚಾದ್ರೆ ಇನ್ನೊಬ್ಬರ ಮನೇಲಿ ನಾನು ಸೌಟು ಇಡಿಯಾಕಿಲ್ಲ" ಎಂದು ದೊಡ್ಡಮ್ಮ ಡಬ್ಬವನ್ನು ಕಾಂತರಾಜು ಮುಂದೆ ಹಿಡಿದರು. "ತಕಾ, ನೀನೇ ಆಕು. ನನ್ನ ಕೈಲಿ ಎರಡು ಇಡಿ ಅಂದ್ರೆ ನಿನ್ನ ಕೈಲಿ ಒಂದೂವರೆ."

ಕಾಂತರಾಜು ಹೆಂಡತಿಯ ಮುಖ ನೋಡಿದರು, ಸಾರು ನೋಡಿದರು. ಆಮೇಲೆ ಒಂದು ಹಿಡಿ ತುಂಬ, ಇನ್ನೊಂದು ಅರ್ಧ ಹಾಕಿದರು. ದೊಡ್ಡಮ್ಮ ಸೌಟಾಡಿಸಿ ಉರಿ ತಗ್ಗಿಸಿದರು. ನಾನು ಸಾರಿನಿಂದ ಕಣ್ಣು ಕೀಳಲಿಲ್ಲ. ಇವರು ಮಾತ್ರ ಆರಿಹೋದ ಕಾಫಿಯನ್ನು ನೆಮ್ಮದಿಯಾಗಿ ಕುಡಿದು ಮುಗಿಸಿದರು.

ಮಧ್ಯಾಹ್ನ ನಂಜಮ್ಮನ ಫೋಟೋ ಮುಂದೆ ಹೊಸ ಸೀರೆ ಇಟ್ಟು, ಬಾಳೆಲೆಯಲ್ಲಿ ಮುದ್ದೆ, ಸಾರು, ಕಜ್ಜಾಯ ಬಡಿಸಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಹೊರಗೆ ನಿಂತೆವು. ಐದು ನಿಮಿಷ ಬಿಟ್ಟು ಬಾಗಿಲು ತೆಗೆದಾಗ, ರೂಢಿಯಂತೆ ಎಡೆಯ ಎಲೆ ಹಿರಿಮಗನ ಮುಂದೆ ಬಂತು. ಎಂಬತ್ತು ಜನರ ಪೈಕಿ ಮೊದಲ ತುತ್ತು ಕಾಂತರಾಜು ಅವರದು. ದೊಡ್ಡಮ್ಮ ಸೌಟು ಹಿಡಿದು ಎದುರಿಗೇ ನಿಂತರು. ಸರಿಯಾಗಿಲ್ಲದಿದ್ದರೆ ಬೈಗುಳವನ್ನೂ ಎದುರಿಗೇ ನಿಂತು ಕೇಳಬೇಕು ಎಂಬುದು ಅವರ ನೇಮ.

ಕಾಂತರಾಜು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಇನ್ನೊಂದು ತುತ್ತು ನುಂಗಿದರು. ಮೂರನೆಯದಕ್ಕೆ ಕೈ ಎಲೆಯ ಮೇಲೇ ಉಳಿಯಿತು, ಕಣ್ಣಲ್ಲಿ ನೀರು ಬಂತು. ಸ್ನೇಹಲತಾ ಹೆದರಿ, "ಉಪ್ಪಾಯ್ತಾ?" ಎಂದರು.

ಇಲ್ಲವೆಂದು ಅವರು ತಲೆಯಾಡಿಸಿದರು. "ಇಂತಾ ಸಾರಿಗೇ ಅವ್ವ ಮೂರೊರ್ಸ ಬೇಡ್ಕಂತು ಅಕ್ಕ. ಒಂದು ಅರಳು ಉಪ್ಪು ಆಕ್ಲಾ ಅಂತಿತ್ತು. ನಾನು ಡಬ್ಬಾನೇ ಬಚ್ಚಿಡ್ತಿದ್ದೆ."

ದೊಡ್ಡಮ್ಮ ಬಗ್ಗಿ ಅವರ ಎಲೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

"ಬದುಕ್ಲಿ ಅಂತ ಬಚ್ಚಿಟ್ಟೆ. ಇವತ್ತು ನಿನ್ನ ಕೈಯಾರೆ ಆಕ್ದೆ. ಉಣ್ಣಪ್ಪ, ಅವ್ವಂದು ಊಟ ಆಯ್ತು."